ಒಂದೇ ಸಲ ಕೇಳುವ ಮನೆ

ನಮ್ಮ ಮನೆಯಲ್ಲಿ ಊಟಕ್ಕೆ ಕೂತವರು ಯಾರೂ ಮೊದಲ ಸಲಕ್ಕೆ ‘ಹಾಕ್ರಿ’ ಎನ್ನುತ್ತಿರಲಿಲ್ಲ. ಬಡಿಸುವವರು ರೊಟ್ಟಿ ಹಿಡಿದು ಬಂದಾಗ ತಾಟಿನ ಮೇಲೆ ಅಂಗೈ ಅಡ್ಡ ಹಿಡಿದು ‘ಬ್ಯಾಡ’ ಎನ್ನಬೇಕು, ಬಡಿಸುವವರು ಅದನ್ನು ಕೇಳಿಸಿಕೊಳ್ಳಬಾರದು. ಎರಡನೆಯ ಸಲ ‘ಹೊಟ್ಟಿ ತುಂಬ್ಯದ’ ಎಂದಾಗ ಬಡಿಸುವವರು ಸ್ವಲ್ಪ ಮುನಿಸು ತೋರಿಸಬೇಕು. ಕೊನೆಗೆ ಬೆರಳುಗಳ ಸಂದಿಯಿಂದ ರೊಟ್ಟಿ ತಾಟಿಗೆ ಜಾರಿದಾಗ ಇಬ್ಬರಿಗೂ ಸಮಾಧಾನ. ಬೀದರ್ ಕಡೆಯ ಬಹಳಷ್ಟು ಮನೆಗಳ ರೂಢಿಯೇ ಇದು. ಆದರೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಇದರಲ್ಲಿ ಎತ್ತಿದ ಕೈ. ಭಾಲ್ಕಿ ತಾಲ್ಲೂಕಿನ ಒಕ್ಕಲುತನದ ಮನೆಯಿಂದ ಬಂದವಳು, ಚರ್ಚಿನಲ್ಲಿ ಮೊದಲ ಬೆಂಚು ಬಿಟ್ಟು ಬೇರೆಡೆ ಕೂರದವಳು, ಮತ್ತು ಜೀವಮಾನದಲ್ಲಿ ಯಾರ ‘ಬ್ಯಾಡ’ವನ್ನೂ ನಂಬದವಳು. ಬೀದರಿನ ಮಂಗಲಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಫರಸಿ ಕಲ್ಲಿನ ಮೇಲೆ ನಾವು ಸಾಲಾಗಿ ಕೂರುತ್ತಿದ್ದೆವು. ಗೋಡೆಗೆ ಒರಗಿ ಅಪ್ಪ, ಬಾಗಿಲ ಕಡೆ ಅವ್ವ, ನಡುವೆ ನಾನು. ಆಯಿ ಎಲ್ಲರದೂ ಆಗುವ ತನಕ ಕೂರುತ್ತಿರಲಿಲ್ಲ. ರೊಟ್ಟಿಯ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು, ಪರೀಕ್ಷೆಯ ಕೋಣೆಯಲ್ಲಿ ಮಾಸ್ತರರು ನಿಂತ ಹಾಗೆ ನಿಂತು, ನಮ್ಮ ತಾಟುಗಳನ್ನು ನೋಡುವಳು.

ನನಗೆ ಆಗ ಹನ್ನೊಂದು ವರ್ಷ. ಗಾಂಧಿ ಗಂಜ್ ಮಾರುಕಟ್ಟೆಯ ಧಾನ್ಯದ ಅಡತ್ ಅಂಗಡಿಯವರು ಹೊಸ ವರ್ಷಕ್ಕೆ ಹಂಚುವ ಡೈರಿಯೊಂದನ್ನು ಅಪ್ಪ ತಂದುಕೊಟ್ಟಿದ್ದ. ಅಂದಿನಿಂದ ನನಗೆ ಬರೆದಿಡುವ ಚಟ. ಅಪ್ಪ ಭಾಲ್ಕಿಯ ಸಾಲೆಯೊಂದರಲ್ಲಿ ಮಾಸ್ತರ, ದಿನಾ ರೈಲಿಗೆ ಹೋಗಿ ಬರುತ್ತಿದ್ದ. ರೈಲು ಎಷ್ಟು ತಡವಾಯಿತು ಎಂದು ಬರೆಯುತ್ತಿದ್ದೆ. ಅವ್ವ ಆಸ್ಪತ್ರೆಯಲ್ಲಿ ನರ್ಸು. ಅವಳ ಪಾಳಿ ಯಾವ ದಿನ ಯಾವುದು ಎಂದು ಬರೆಯುತ್ತಿದ್ದೆ. ನಲ್ಲಿಗೆ ನೀರು ಬಂದದ್ದು, ಪೇರಲ ಗಿಡದಲ್ಲಿ ಕಾಯಿ ಬಿಟ್ಟದ್ದು, ಆಯಿ ಎಷ್ಟು ಸಲ ಚಹಾ ಕುಡಿದಳು ಎನ್ನುವುದು, ಎಲ್ಲಕ್ಕೂ ಒಂದೊಂದು ಗೆರೆ. ಈಗ ನನಗೆ ಇಪ್ಪತ್ತನಾಲ್ಕು, ಆ ಚಟ ಹೋಗಿಲ್ಲ. ಹಳೆಯ ಡೈರಿ ಮೇಜಿನ ಮೇಲಿದೆ. ಮಾಳಮ್ಮ ನಮ್ಮ ಮನೆಗೆ ಬಂದ ತಾರೀಖು ಅದರಲ್ಲಿದೆ, ಅವತ್ತು ಮಳೆ ಬಂದಿರಲಿಲ್ಲ ಎನ್ನುವುದೂ ಇದೆ. ಅವಳು ಏನು ಅಂದುಕೊಂಡು ಹೊಸ್ತಿಲು ದಾಟಿದಳು ಎನ್ನುವುದು ಮಾತ್ರ ಅದರಲ್ಲಿ ಎಲ್ಲಿಯೂ ಇಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ.

ಮಾಳಮ್ಮ ಔರಾದ ತಾಲ್ಲೂಕಿನ ಡಾಬಕಾದವಳು, ಒಂಬತ್ತು ವರ್ಷದ ಹುಡುಗಿ. ಕುರಿ ಸಾಕುವವರ ಮನೆ. ತಾಯಿ ಕಾಯಿಲೆಯಿಂದ ತೀರಿಕೊಂಡ ಮೇಲೆ ತಂದೆ ಕುರಿ ಹೊಡೆದುಕೊಂಡು ಮಹಾರಾಷ್ಟ್ರದ ಕಡೆ ಹೋದವನು ಅಲ್ಲಿಯೇ ಇನ್ನೊಂದು ಸಂಸಾರ ಹೂಡಿ ಬರುವುದನ್ನು ಬಿಟ್ಟಿದ್ದ. ಅವಳು ಸ್ವಲ್ಪ ಕಾಲ ಊರಲ್ಲೇ ದೊಡ್ಡಪ್ಪನ ಮನೆಯಲ್ಲಿ, ಆಮೇಲೆ ಕಮಲನಗರದ ಅತ್ತೆಯ ಮನೆಯಲ್ಲಿ ಇದ್ದಳು. ಎರಡೂ ಕಡೆ ಕೆಟ್ಟವರೇನಲ್ಲ, ಆದರೆ ಎರಡೂ ಕಡೆ ಅವಳು ಹೆಚ್ಚಾದ ಒಂದು ಹೊಟ್ಟೆ. ಜ್ವರ ಬಂದು ಅವ್ವನ ಆಸ್ಪತ್ರೆಗೆ ಸೇರಿದಾಗ ಅವಳನ್ನು ಕರೆದೊಯ್ಯಲು ಯಾರೂ ಬರಲಿಲ್ಲ. ವಿಷಯ ಮಕ್ಕಳ ಕಲ್ಯಾಣ ಸಮಿತಿಗೆ ಹೋಯಿತು. ಔರಾದದಲ್ಲಿ ಸೋದರಮಾವ ಹಣಮಂತ ಇದ್ದ. ಅವನ ಹೆಂಡತಿಗೆ ಆಗಷ್ಟೇ ಅವಳಿ ಮಕ್ಕಳಾಗಿದ್ದವು. ಒಂದು ವರ್ಷ ಯಾರಾದರೂ ನೋಡಿಕೊಂಡರೆ ಆಮೇಲೆ ತಾನು ಸಿದ್ಧ, ಅಲ್ಲಿಯ ತನಕ ಪ್ರತಿ ಶನಿವಾರ ಬಂದು ನೋಡಿಹೋಗುತ್ತೇನೆ ಎಂದು ಅವನು ಹೇಳಿದ. ಅವ್ವ ಆ ಒಂದು ವರ್ಷವನ್ನು ಕೇಳಿ ತಂದಳು. ವರ್ಷ ಮುಗಿದ ಮೇಲೆ ಎಲ್ಲಿ ಇರಬೇಕು ಎಂದು ಹುಡುಗಿಯನ್ನೇ ಕೇಳುತ್ತೇವೆ ಎಂದು ಸಮಿತಿಯವರು ಹೇಳಿದ್ದರು. ಅಪ್ಪ ಹೂಂಗುಟ್ಟಿದ. ಆಯಿ ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ತನ್ನ ಪೆಟ್ಟಿಗೆಯಿಂದ ಹೊಸ ತಾಟೊಂದನ್ನು ತೆಗೆದಳು.

ಅವಳು ಬಂದಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಹೆಗಲ ಮೇಲೆ ಒಂದು ಕಂಬಳಿ. ಕರಿ ಕಂಬಳಿ, ಗಡುಸಾದದ್ದು, ನೆಲದ ಮೇಲಿಟ್ಟರೆ ಮಡಿಕೆ ಬಿಚ್ಚದೆ ಹಾಗೇ ನಿಲ್ಲುವಂಥದ್ದು. ಅದು ಅವಳ ತಾಯಿಯದು. ಮನೆ ತುಂಬ ಕುರಿಯ ವಾಸನೆ ಹರಡಿತು. ನಾನು ಮೂಗು ಮುಚ್ಚಿಕೊಂಡದ್ದನ್ನು ನೋಡಿ ಅವ್ವ ಕಣ್ಣು ದೊಡ್ಡದು ಮಾಡಿದಳು. ಮಾಳಮ್ಮ ಅವ್ವನನ್ನು ‘ಸಿಸ್ಟರ್’ ಎನ್ನುತ್ತಿದ್ದಳು, ಆಸ್ಪತ್ರೆಯಲ್ಲಿ ಅಂದ ಹಾಗೆಯೇ. ಅಪ್ಪ ‘ಸರ್’, ನಾನು ‘ಲೀನಾ ಅಕ್ಕ’. ಆಯಿ ಮಾತ್ರ ಅವಳಿಗೂ ಆಯಿ.

ಅವಳಂಥ ಒಳ್ಳೆಯ ಹುಡುಗಿಯನ್ನು ನಾವು ಕಂಡಿರಲಿಲ್ಲ. ಸಾಲೆಗೆ ಹೋಗುತ್ತೀಯಾ ಎಂದರೆ ಹೂಂ ರಿ. ಕೂದಲು ಕತ್ತರಿಸಲೇ ಎಂದರೆ ಹೂಂ ರಿ. ಹಾಲು, ಮೊಟ್ಟೆ, ಔಷಧಿ, ನನ್ನ ಹಳೆಯ ಫ್ರಾಕು, ಎಲ್ಲಕ್ಕೂ ಹೂಂ ರಿ. ನೆರೆಯವರು ಬಂದು ನೋಡಿ, ಹೆತ್ತ ಮಕ್ಕಳೂ ಹೀಗೆ ಇರುವುದಿಲ್ಲ ಎಂದು ನನ್ನ ಕಡೆ ನೋಡುತ್ತಿದ್ದರು. ಹೀಗೆ ಒಂದೂ ಜಗಳ ಮಾಡದೆ ಇರಲು ಹೇಗೆ ಸಾಧ್ಯ ಎನ್ನುವುದು ನನಗೆ ದೊಡ್ಡ ಕುತೂಹಲವಾಯಿತು. ಪರೀಕ್ಷೆ ಮಾಡಲು ತೊಡಗಿದೆ. ಅವಳ ಪೆನ್ಸಿಲು ಕೇಳಿದೆ, ಕೊಟ್ಟಳು. ಅವಳ ಪಾಲಿನ ಪೇರಲಹಣ್ಣು ಕೇಳಿದೆ, ಅದೂ ಬಂತು. ಡೈರಿಯಲ್ಲಿ ಅವಳ ಹೆಸರಿಗೆ ಒಂದು ಪುಟ ಮಾಡಿ, ಪ್ರತಿ ಹೂಂಗೆ ಒಂದು ಗೆರೆ ಎಳೆಯುತ್ತ ಹೋದೆ. ಪುಟ ಬೇಗ ತುಂಬಿತು. ಅವ್ವ ಅದನ್ನು ಒಂದು ದಿನ ನೋಡಿದಳು.

“ನಾವು ಜ್ವರ ಇದ್ದವರದು ಚಾರ್ಟ್ ಬರೀತೇವಿ, ಲೀನಾ. ಇಕಿಗಿ ಏನ್ ಜ್ವರ ಅದ?”

ಗೆರೆ ಎಳೆಯುವುದನ್ನು ಬಿಟ್ಟೆ. ನೋಡುವುದನ್ನು ಬಿಡಲಾಗಲಿಲ್ಲ.

ಅವ್ವನಿಗೆ ಮೊದಲು ಕಸಿವಿಸಿಯಾದದ್ದು ಕಂಬಳಿಯಿಂದ. ಒಂದು ಭಾನುವಾರ ಹಿತ್ತಲಲ್ಲಿ ಬಟ್ಟೆ ಒಗೆಯುವಾಗ, ಬಕೀಟಿನ ತುಂಬ ಬಿಸಿನೀರು ತುಂಬಿ, ಸಾಬೂನಿನ ಪುಡಿ ಕಲಸಿ ನೊರೆ ಬರಿಸಿಟ್ಟು, ಮಾಳಮ್ಮನನ್ನು ಕರೆದು, ಕಂಬಳಿ ತೊಳೆಯಲೇ ಎಂದು ಕೇಳಿದಳು. ಹೂಂ ರಿ ಎಂದು ಅವಳೇ ತಂದುಕೊಟ್ಟಳು. ಕಂಬಳಿಯನ್ನು ಹಾಗೆ ತೊಳೆಯುವುದಿಲ್ಲ, ಅದಕ್ಕೆ ಬಿಸಿಲೇ ಸ್ನಾನ, ಹುಣಸೆ ಬೀಜದ ಗಂಜಿ ಹಾಕಿ ಗಡುಸು ಮಾಡಿರುತ್ತಾರೆ, ಬಿಸಿನೀರಿಗೆ ಆ ಗಂಜಿ ಕರಗಿ ಉಣ್ಣೆ ಮುದುಡುತ್ತದೆ ಎನ್ನುವುದು ನಮ್ಮಲ್ಲಿ ಆಯಿಗೆ ಮಾತ್ರ ಗೊತ್ತಿತ್ತು. ಆಯಿ ಚರ್ಚಿನಿಂದ ಬರುವ ಹೊತ್ತಿಗೆ ಅದು ತಂತಿಯ ಮೇಲೆ ಹಳೆಯ ಚಿಂದಿಯ ಹಾಗೆ ಜೋತುಬಿದ್ದಿತ್ತು. ಆಸ್ಪತ್ರೆಯ ವಾಸನೆ ಬರುತ್ತಿತ್ತು. ಮಾಳಮ್ಮ ಸಂಜೆ ಅದನ್ನು ಮಡಚಿ ತನ್ನ ಪ್ಲಾಸ್ಟಿಕ್ ಚೀಲದಲ್ಲಿಟ್ಟಳು. ಅಂದಿನಿಂದ ಅವ್ವ ಕೊಟ್ಟ ಚಾದರ ಹೊದ್ದು ಮಲಗಿದಳು. ಅತ್ತಿದ್ದರೆ ಅವ್ವನಿಗೆ ಗೊತ್ತಾಗುತ್ತಿತ್ತು. ಅವಳು ಅಳಲಿಲ್ಲ. ಕೇಳಿಯೇ ತೊಳೆದೆನಲ್ಲ, ಹೂಂ ಅಂದಳಲ್ಲ ಎಂದು ಅವ್ವ ಅಡಿಗೆಮನೆಯಲ್ಲಿ ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುವುದನ್ನು ನಾನು ಕೇಳಿಸಿಕೊಂಡೆ. ಅದೇ ವಾರ ಚರ್ಚಿನ ಮಾತು ಬಂತು. ಬರುತ್ತೀಯಾ ಎಂದು ಆಯಿ ಕೇಳಿದಳು, ಹೂಂ ರಿ ಎಂದಳು ಮಾಳಮ್ಮ. ಆಯಿಗೆ ಸಂತೋಷ. ಅವ್ವ ಮಾತ್ರ ಬೇಡ ಎಂದಳು. ಆ ಹೂಂ ತನಗೆ ನಂಬಿಕೆಯಾಗದು ಎಂದಳು. ಅತ್ತೆ ಸೊಸೆಯರ ನಡುವೆ ಒಂದು ದಿನ ತಾಟು ಬುಟ್ಟಿಗಳು ಮಾತ್ರ ಸದ್ದು ಮಾಡಿದವು.

ಆಮೇಲೆ ಹಬ್ಬದ ಊಟ. ಅಪ್ಪನ ಕಡೆಯವರು ಬಂದಿದ್ದರು, ಆಯಿ ಹೋಳಿಗೆ ಮಾಡಿದ್ದಳು. ಎಲ್ಲರೂ ಕೈ ಅಡ್ಡ ಹಿಡಿಯುತ್ತ, ಮುನಿಸಿಕೊಳ್ಳುತ್ತ, ನಗುತ್ತ ಉಣ್ಣುತ್ತಿದ್ದರು. ಮಾಳಮ್ಮ ಕೈ ಅಡ್ಡ ಹಿಡಿಯಲಿಲ್ಲ. ಹಾಕಲೇ ಎಂದರೆ ಹೂಂ ರಿ. ಆಯಿ ಹಾಕಿದಳು, ಚಿಕ್ಕಪ್ಪ ಹಾಕಿದ, ಅತ್ತೆಯೊಬ್ಬಳು ಮುದ್ದಿನಿಂದ ಮತ್ತೊಂದು ಹಾಕಿ ತುಪ್ಪ ಸುರಿದಳು. ಹುಡುಗಿ ಎಷ್ಟು ಚೆಂದ ಉಣ್ಣುತ್ತಾಳೆ ಎಂದು ಎಲ್ಲರೂ ಹೊಗಳಿದರು. ಅವಳ ಹಣೆಯ ಮೇಲೆ ಬೆವರು ಬಂದದ್ದನ್ನು ಕಂಡವಳು ನಾನೊಬ್ಬಳೇ. ನನಗೂ ಅದೇನೆಂದು ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಹಿತ್ತಲಿಗೆ ಓಡಿ ಪೇರಲ ಗಿಡದ ಬುಡದಲ್ಲಿ ಎಲ್ಲವನ್ನೂ ಕಾರಿದಳು. ಅವ್ವ ಬೆನ್ನು ಸವರಲು ಹೋದರೆ, ಬಾಯಿ ಒರೆಸಿಕೊಂಡು, ತಾನೇ ಬಳಿಯುತ್ತೇನೆ ಸಿಸ್ಟರ್ ಎಂದು ಕಸಬರಿಗೆ ಹುಡುಕಿದಳು.

ಜಿಲ್ಲಾಸ್ಪತ್ರೆಯಲ್ಲಿ ಮಕ್ಕಳ ಮನಸ್ಸಿನ ವಿಷಯ ನೋಡುವ ಕೌನ್ಸೆಲರ್ ಮೇಡಂ ಒಬ್ಬರಿದ್ದರು. ಅವ್ವ ಅವರ ಹತ್ತಿರ ಹೋಗೋಣ ಎಂದಾಗ ಆಯಿ ಸಿಟ್ಟಾದಳು. ಹುಡುಗಿ ಹುಚ್ಚಿಯಲ್ಲ, ಅಜೀರ್ಣವಾಗಿದೆ, ಓಂಕಾಳು ಕೊಟ್ಟರೆ ಹೋಗುತ್ತದೆ ಎಂದಳು. ಕಾಲು ಮುರಿದರೆ ಓಂಕಾಳು ಕೊಡುತ್ತೇವೆಯೇ ಎಂದು ಅಪ್ಪ ಮೆಲ್ಲಗೆ ಕೇಳಿದ. ನಾನೂ ಹಟ ಮಾಡಿ ಜೊತೆಗೆ ಹೋದೆ. ಮೇಡಂ ಮಾಳಮ್ಮನ ಜೊತೆ ಬಹಳ ಹೊತ್ತು ಮಣ್ಣಿನ ಕುರಿ ಮಾಡುತ್ತ ಕೂತರು. ಆಮೇಲೆ ಅವಳನ್ನು ಹೊರಗೆ ಆಡಲು ಕಳಿಸಿ, ಹಬ್ಬದ ಊಟದ ಕತೆಯನ್ನು ಅಪ್ಪನ ಬಾಯಿಂದ ಪೂರ್ತಿ ಕೇಳಿ, ತಮ್ಮ ಮನೆಯಲ್ಲೂ ಹಾಗೇ ಎಂದು ನಕ್ಕರು. ನಕ್ಕು ಮುಗಿದ ಮೇಲೆ ಅವ್ವನ ಕಡೆ ತಿರುಗಿದರು.

“ಸಿಸ್ಟರ್, ಅಕಿ ಒಲ್ಲೆ ಅಂದಿದ್ದು ಯಾವತ್ತರೆ ಕೇಳೀರೇನು?”

“ಇಲ್ರಿ. ಭಾಳ ಛಲೋ ಹುಡುಗಿ ಅದ.”

“ಎರಡು ಮನಿ ತಿರುಗಿ ಬಂದಾಳ. ಒಲ್ಲೆ ಅಂದ್ರ ಮತ್ತೊಂದು ಮನಿ ಹುಡುಕಬೇಕಾಗ್ತದ ಅಂತ ಅಕಿಗಿ ಗೊತ್ತದ. ಒಲ್ಲೆ ಅನ್ನಲಾರದವರ ಹೂಂ ಹ್ಯಾಂಗ ನಂಬ್ತೀರಿ? ನಾಳಿ ಸಮಿತಿಯವರು ಎಲ್ಲಿ ಇರ್ತಿ ಅಂತ ಕೇಳ್ತಾರ. ನಿಮಗೂ ಹೂಂ ಅಂತಾಳ, ಮಾವಂಗೂ ಹೂಂ ಅಂತಾಳ.”

ಅವ್ವನಿಗೆ ಅದುವರೆಗೆ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ. ವರ್ಷದ ಕೊನೆಗೆ ಅವಳು ಹೇಳುವ ಒಂದು ಮಾತಿನ ಮೇಲೆ ಅವಳ ಮುಂದಿನದೆಲ್ಲ ನಿಂತಿತ್ತು. ಆ ಮಾತು ಅವಳದಾಗಿರುವುದಿಲ್ಲ ಎಂದು ಮೇಡಂ ಹೇಳುತ್ತಿದ್ದರು. ಮಾಡುವುದೇನು ಎಂದು ಅಪ್ಪ ಕೇಳಿದ.

“ಒಂದೇ ಸಲ ಕೇಳ್ರಿ. ಏನ್ ಹೇಳ್ತಾರ ಅಷ್ಟೇ ಮಾಡ್ರಿ. ಅಕಿಗಷ್ಟೇ ಅಲ್ಲ, ಮನಿಯೊಳಗ ಎಲ್ಲಾರಿಗೂ. ಯಾರರೆ ಬ್ಯಾಡ ಅಂದು, ಆ ಮಾತು ನಡದಿದ್ದು ಅಕಿ ಕಣ್ಣಿಲೆ ನೋಡಬೇಕು. ಮತ್ತ ಅಕಿ ನಿಮ್ಮ ಜೋಡಿ ಜಗಳ ಆಡಿದ ದಿನ ನಂಗ ಫೋನ್ ಮಾಡ್ರಿ. ಪೇಢಾ ತರ್ತೀನಿ.”

ರಿಕ್ಷಾದಲ್ಲಿ ಬರುವಾಗ ನಾನು ಒಂದು ವಿಚಾರಕ್ಕೆ ಸಿಕ್ಕಿಬಿದ್ದೆ. ನಮ್ಮ ಮನೆಯಲ್ಲಿ ಯಾರಾದರೂ ‘ಬ್ಯಾಡ’ ಎಂದು, ಅದು ನಡೆದದ್ದು ಯಾವಾಗ? ನೆನಪು ಮಾಡಿಕೊಂಡಷ್ಟೂ ಸಿಗಲಿಲ್ಲ. ರೊಟ್ಟಿ ಬ್ಯಾಡ ಎಂದರೆ ರೊಟ್ಟಿ ಬೀಳುತ್ತಿತ್ತು. ಸ್ವೆಟರ್ ಬ್ಯಾಡ ಎಂದರೆ ತಲೆಯ ಮೇಲಿಂದ ಸ್ವೆಟರ್ ಇಳಿಯುತ್ತಿತ್ತು. ಅಪ್ಪ ಚಹಾ ಬ್ಯಾಡ ಎಂದರೆ ಅರ್ಧ ಕಪ್ಪು ಬರುತ್ತಿತ್ತು. ಅದೆಲ್ಲ ಪ್ರೀತಿಯೇ, ನನಗೆ ಅನುಮಾನವಿರಲಿಲ್ಲ. ಆದರೆ ಹೊರಗಿನಿಂದ ಬಂದ ಒಂದು ಹುಡುಗಿ ಮೂಲೆಯಲ್ಲಿ ಕೂತು ಇದನ್ನೇ ತಿಂಗಳುಗಟ್ಟಲೆ ನೋಡಿದರೆ, ಇಲ್ಲಿ ಬ್ಯಾಡ ಎನ್ನುವ ಮಾತಿಗೆ ಕಿವಿಯೇ ಇಲ್ಲ ಎಂದುಕೊಳ್ಳದೆ ಏನು ಮಾಡಿಯಾಳು?

ಮರುದಿನದಿಂದ ಒಂದೇ ಸಲ ಕೇಳುವ ಪದ್ಧತಿ ಶುರುವಾಯಿತು. ಮೊದಲ ಬಲಿ ಆಯಿಯೇ. ಎಲ್ಲರದೂ ಆದ ಮೇಲೆ ಅವಳು ಊಟಕ್ಕೆ ಕೂತಳು, ಅವ್ವ ಬುಟ್ಟಿ ಹಿಡಿದು ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳಿದಳು. ಆಯಿ ಎಂದಿನಂತೆ ಕೈ ಅಡ್ಡ ಹಿಡಿದು ‘ಬ್ಯಾಡ’ ಎಂದಳು. ಅವ್ವ ಬುಟ್ಟಿ ಮುಚ್ಚಿ ಒಳಗೆ ಹೋದಳು. ಆಯಿಯ ಕೈ ಬಹಳ ಹೊತ್ತು ತಾಟಿನ ಮೇಲೆಯೇ ಇತ್ತು. ಮಧ್ಯಾಹ್ನ ನಾನು ನೀರು ಕುಡಿಯಲು ಹೋದಾಗ ಅವಳು ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಶೇಂಗಾ ಚಟ್ನಿಯ ಜೊತೆ ರೊಟ್ಟಿ ತಿನ್ನುತ್ತಿದ್ದಳು. ನನ್ನ ಹಿಂದೆ ಮಾಳಮ್ಮನೂ ಇದ್ದಳು.

“ನಾ ಬ್ಯಾಡ ಅಂದೀನಿ, ಖರೆ,” ಎಂದಳು ಆಯಿ ನಮ್ಮಿಬ್ಬರಿಗೂ. “ಬ್ಯಾಡ ಅಂದ್ರ ಕೊಡೂದೇ ಬಿಡ್ತಾರೇನು? ನಿಮ್ಮವ್ವನ ಮನಿ ಕಡಿ ಹಿಂಗ ಇರ್ತದೋ ಏನೋ.”

ಮಾಳಮ್ಮ ಬಾಯಿಗೆ ಫ್ರಾಕಿನ ತೋಳು ಒತ್ತಿಕೊಂಡಳು. ಅವಳು ನಗುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ಎರಡನೆಯ ಬಲಿ ಅಪ್ಪನ ಜೊತೆ ಕೆಲಸ ಮಾಡುವ ಹಿಂದಿ ಮಾಸ್ತರರು. ರಜೆಯ ದಿನ ಭಾಲ್ಕಿಯಿಂದ ಊಟಕ್ಕೆ ಬಂದವರು ಎರಡನೆಯ ರೊಟ್ಟಿಗೆ ಸಂಕೋಚದಿಂದ ಬ್ಯಾಡ್ರಿ ಎಂದರು, ಅಪ್ಪ ಆಗಲಿ ಎಂದು ಕೈತೊಳೆಯಲು ನೀರು ತಂದುಕೊಟ್ಟ. ಸ್ಟೇಶನ್ನಿನಲ್ಲಿ ಎರಡು ತಾಟು ಭಜಿ ತಿಂದು ರೈಲು ಹತ್ತಿದೆ ಎಂದು ಮರುದಿನ ಅವರು ಇಡೀ ಸಾಲೆಗೆ ಹೇಳಿದರಂತೆ. ಅಪ್ಪ ಅದನ್ನು ಮನೆಯಲ್ಲಿ ಹೇಳುವಾಗ ಮಾಳಮ್ಮ ಉಣ್ಣುವುದನ್ನು ನಿಲ್ಲಿಸಿ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ದೊಡ್ಡವರೂ ಸಿಕ್ಕಿಬೀಳುವ ಈ ಹೊಸ ಆಟ ಏನೆಂದು ಅವಳಿಗೂ ಕುತೂಹಲವಾಗಿತ್ತೆಂದು ಕಾಣುತ್ತದೆ.

ಮೊದಲ ‘ಒಲ್ಲೆ’ ಪುಂಡಿ ಸೊಪ್ಪಿನ ಪಲ್ಲೆಗೆ ಬಂತು. ಮಾಳಮ್ಮನಿಗೆ ಪುಂಡಿ ಎಂದರೆ ಜೀವ ಎನ್ನುವುದು ಆಯಿಯ ನಂಬಿಕೆ, ಹಾಕಿದಷ್ಟೂ ತಿನ್ನುತ್ತಿದ್ದಳಲ್ಲ. ಹಾಗಾಗಿ ವಾರಕ್ಕೆ ಎರಡು ಸಲ, ಬೆಳ್ಳುಳ್ಳಿ ಒಗ್ಗರಣೆ ಹಾಕಿ, ನಮಗೆಲ್ಲ ಹುಳಿ ಏರಿ ಹಲ್ಲು ಜುಮ್ಮೆನ್ನುವ ತನಕ ಪುಂಡಿ. ಅವತ್ತೂ ಆಯಿ ಪಾತ್ರೆ ಹಿಡಿದು ಬಂದು, ಹೆಮ್ಮೆಯಿಂದ ಬಗ್ಗಿ, ಹಾಕ್ಲೇನವ್ವ ಎಂದು ಕೇಳಿದಳು. ಮಾಳಮ್ಮ ತಾಟು ನೋಡಿದಳು. ರೊಟ್ಟಿಯ ಅಂಚನ್ನು ಬೆರಳಿಂದ ಮುರಿದು ಪುಡಿ ಮಾಡಿದಳು.

“ಒಲ್ಲೆ ರಿ.”

ಅಷ್ಟು ಸಣ್ಣ ದನಿಯಾದರೂ ಅಪ್ಪ ಅಗಿಯುವುದನ್ನು ನಿಲ್ಲಿಸಿದ. ಆಯಿಯ ಕೈಯಲ್ಲಿ ಚಮಚ ಅರ್ಧಕ್ಕೆ ನಿಂತಿತ್ತು, ಪಲ್ಲೆಯ ರಸ ತೊಟ್ಟಿಕ್ಕುತ್ತಿತ್ತು. ಅವಳ ಮೈಯೆಲ್ಲ ಆ ತಾಟಿನ ಕಡೆಗೇ ವಾಲಿತ್ತು. ಎಪ್ಪತ್ತು ವರ್ಷದ ಅಭ್ಯಾಸ. ಅವ್ವ ಆಯಿಯನ್ನು ನೋಡಿದಳು ಅಷ್ಟೆ. ಆಯಿ ನೆಟ್ಟಗಾಗಿ, ಎರಡು ಹೆಜ್ಜೆ ಸರಿದು, ಆ ಚಮಚವನ್ನು ನನ್ನ ತಾಟಿಗೆ ಸುರಿದಳು. ನನ್ನನ್ನು ಯಾರೂ ಕೇಳಲಿಲ್ಲ.

“ಮತ್ತ ಇಷ್ಟು ದಿನಾ ತಿಂದೆಲ್ಲ ತಂಗಿ?” ಎಂದಳು ಆಮೇಲೆ, ಪಾತ್ರೆ ಕೆಳಗಿಟ್ಟು.

“ನೀವು ಹಾಕಿದ್ರಿ, ಆಯಿ.”

ಮಾಳಮ್ಮ ಅವತ್ತು ರಾತ್ರಿ ನಿದ್ದೆ ಮಾಡಲಿಲ್ಲ, ಬೆಳಿಗ್ಗೆ ಚೀಲ ಕಟ್ಟಿಟ್ಟುಕೊಂಡು ಹೊಸ್ತಿಲ ಹತ್ತಿರ ಕೂತಿದ್ದಳು. ಯಾರಾದರೂ ಕಳಿಸಿಬಿಡುತ್ತಾರೆ ಎಂದು ಕಾಯುತ್ತಿದ್ದಳು ಎನ್ನುವುದು ನನಗೆ ತಿಳಿಯಲು ಬಹಳ ದಿನ ಬೇಕಾಯಿತು. ಅವ್ವ ಆ ಚೀಲವನ್ನು ಕಂಡೂ ಕಾಣದವಳ ಹಾಗೆ ಅವಳ ಪಕ್ಕ ಕೂತು ಅವಳಿಗೆ ಜಡೆ ಹೆಣೆಯಲು ತೊಡಗಿದಳು. ಸಾಲೆಯ ಹೊತ್ತಾಯಿತು, ಅವಳು ಚೀಲ ಒಳಗಿಟ್ಟು ಸಾಲೆಗೆ ಹೋದಳು. ಮುಂದಿನ ದಿನಗಳಲ್ಲಿ ಒಲ್ಲೆಗಳು ಒಂದೊಂದಾಗಿ ಬಂದವು. ಎರಡು ಜಡೆ ಒಲ್ಲೆ. ಬಾಗಿಲು ಮುಚ್ಚಿ ಮಲಗಲು ಒಲ್ಲೆ. ಚರ್ಚಿಗೆ ಒಲ್ಲೆ, ಆದರೆ ಕ್ರಿಸ್‌ಮಸ್ಸಿನ ಕೇಕು ಬೇಕು. ಅದನ್ನು ಕೇಳಿ ಆಯಿ ಎದ್ದು ಒಳಗೆ ಹೋದಳು, ಸ್ವಲ್ಪ ಹೊತ್ತು ಬಿಟ್ಟು ಕೇಕಿಗೆ ಎಷ್ಟು ಮೊಟ್ಟೆ ಬೇಕಾಗುತ್ತದೆ ಎಂದು ಒಳಗಿನಿಂದಲೇ ಲೆಕ್ಕ ಹೇಳತೊಡಗಿದಳು. ಒಂದು ಸಂಜೆ ಅವ್ವ ಅಕ್ಕಿ ಆರಿಸುತ್ತಿದ್ದಾಗ ಮಾಳಮ್ಮ ಯಾರೂ ಕೇಳದೆಯೇ ಬಾಯಿ ಬಿಟ್ಟಳು.

“ಕಂಬಳಿ ತೊಳಿಬಾರದಿತ್ರಿ ಸಿಸ್ಟರ್.”

“ನಿನಗ ಕೇಳೇ ತೊಳದೆನಲ್ಲ, ಮಾಳಿ.”

“ಬಕೀಟಿನ್ಯಾಗ ಬಿಸಿನೀರು ಹಾಕಿದ್ ಮ್ಯಾಲ ಕೇಳಿದ್ರಿ.”

ಅವ್ವ ಅಕ್ಕಿಯಿಂದ ಕೈ ತೆಗೆದಳು. ತಪ್ಪಾಯಿತು ಎಂದಳು. ದೊಡ್ಡವರು ಮಕ್ಕಳಿಗೆ ಹಾಗೆ ಹೇಳುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮೊರದ ಅಕ್ಕಿಗಿಂತ ನನ್ನ ಕಣ್ಣು ಅವರಿಬ್ಬರ ಮೇಲೇ ಇತ್ತು. ಮುಂದಿನ ಶನಿವಾರ ಮಾವ ಹಣಮಂತ ಎಂದಿನಂತೆ ಔರಾದದಿಂದ ಅವಳನ್ನು ನೋಡಲು ಬಂದಾಗ ಅವಳೇ ಕಂಬಳಿಯನ್ನು ಅವನ ಕೈಗಿಟ್ಟಳು. ಅವನು ಅದನ್ನು ಒಯ್ದು, ಹುಣಸೆ ಬೀಜ ಕುದಿಸಿ ಗಂಜಿ ಹಾಕಿ, ಬಿಸಿಲಿಗೆ ಒಣಗಿಸಿ, ಕುರಿ ದೊಡ್ಡಿಯಲ್ಲಿ ಕೆಲವು ದಿನ ಹಾಸಿ ತಂದುಕೊಟ್ಟ. ಅಳತೆ ಸ್ವಲ್ಪ ಕಡಿಮೆಯಾಗಿತ್ತು, ವಾಸನೆ ತಿರುಗಿ ಬಂದಿತ್ತು. ಅವಳು ಅದನ್ನು ಹೊದ್ದು ಮಲಗಿದಳು. ನಾನು ಮೂಗು ಮುಚ್ಚಿಕೊಳ್ಳಲಿಲ್ಲ.

ಜಗಳ ಆದದ್ದು ನನ್ನ ಜೊತೆ. ಅವಳ ಒಲ್ಲೆಗಳಿಗೆ ನಾನು ಡೈರಿಯಲ್ಲಿ ಗುಟ್ಟಾಗಿ ಹೊಸ ಪುಟ ಮಾಡಿದ್ದೆ. ಅವಳು ಅದನ್ನು ಕಂಡಳು.

“ನನ್ನ ಹೆಸರು ಬರೀಬ್ಯಾಡ ಅಕ್ಕ.”

“ಡೈರಿ ನಂದು.”

“ಹೆಸರು ನಂದು.”

ನಾನು ಡೈರಿ ಎಳೆದೆ, ಅವಳೂ ಎಳೆದಳು, ಪುಟ ಹರಿಯಿತು. ನಾನು ಜಡೆ ಹಿಡಿದೆ, ಅವಳು ನನ್ನ ಮುಂಗೈ ಕಚ್ಚಿದಳು. ಅಳುತ್ತ ಅಡಿಗೆಮನೆಗೆ ಓಡಿದರೆ ಅವ್ವ ನನ್ನ ಕೈಗೆ ಔಷಧಿ ಹಚ್ಚುತ್ತಲೇ ಇನ್ನೊಂದು ಕೈಯಿಂದ ಫೋನು ಮಾಡುತ್ತಿದ್ದಳು. ಸಂಜೆ ಮೇಡಂ ಹೇಳಿದ ಹಾಗೆ ಪೇಢಾದ ಡಬ್ಬಿ ಹಿಡಿದು ಬಂದರು. ಕಚ್ಚಿದವಳಿಗೂ ಕಚ್ಚಿಸಿಕೊಂಡವಳಿಗೂ ಸಮ ಪಾಲು. ಇದೆಂಥ ನ್ಯಾಯ ಎಂದು ನಾನು ಬಹಳ ದಿನ ಉರಿದೆ. ಈಗ ಇದನ್ನು ಬರೆಯುವ ಮೊದಲು ಆ ಕಚ್ಚಿದವಳಿಗೇ ಫೋನು ಮಾಡಿ, ಬರೆಯಲೇ ಎಂದು ಕೇಳಿದೆ. ಒಂದೇ ಸಲ. ಬರೆ, ಆದರೆ ಹೆಸರು ಬದಲಿಸು ಎಂದಳು. ಮಾಳಮ್ಮ ಎನ್ನುವುದು ಅವಳೇ ಆರಿಸಿಕೊಟ್ಟ ಹೆಸರು.

ವರ್ಷ ಮುಗಿಯಿತು. ಅಷ್ಟರಲ್ಲಿ ಅವ್ವ ಮುಂದಿನ ತರಗತಿಗೆ ಎರಡು ಜೊತೆ ಸಮವಸ್ತ್ರ ಹೊಲಿಸಿದ್ದಳು. ಒಂದು ನನ್ನ ಅಳತೆಗೆ, ಒಂದು ಅವಳ ಅಳತೆಗೆ. ಆಯಿ ಪುಂಡಿ ಮಾಡುವುದನ್ನೇ ಬಿಟ್ಟಿದ್ದಳು. ಅಪ್ಪ ರೈಲಿನಿಂದ ಇಳಿದು ಬರುವಾಗ ತರುವ ಚುರುಮುರಿಯ ಪೊಟ್ಟಣ ಒಂದರಿಂದ ಎರಡಾಗಿತ್ತು. ಅವಳು ಇಲ್ಲಿಯೇ ಇರುತ್ತಾಳೆ ಎನ್ನುವುದರಲ್ಲಿ ನಮಗೆ ಯಾರಿಗೂ ಅನುಮಾನವಿರಲಿಲ್ಲ. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ. ಸಮಿತಿಯ ಕಚೇರಿಗೆ ನಾವೆಲ್ಲ ಹೋದೆವು, ಆಯಿಯೂ ಬಂದಳು. ಹಣಮಂತ ಮತ್ತು ಅವನ ಹೆಂಡತಿ ಅವಳಿ ಮಕ್ಕಳನ್ನು ಒಬ್ಬೊಬ್ಬರು ಒಂದೊಂದನ್ನು ಎತ್ತಿಕೊಂಡು ಗೋಡೆಯ ಹತ್ತಿರ ನಿಂತಿದ್ದರು. ಕೂರಿ ಎಂದರೂ ಕೂರಲಿಲ್ಲ. ಸಮಿತಿಯವರು ಮಾಳಮ್ಮನನ್ನು ಮೊದಲೇ ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿದ್ದರು, ಮಾವನ ಮನೆಯನ್ನೂ ಹೋಗಿ ನೋಡಿ ಬಂದಿದ್ದರು. ಆಮೇಲೆ ನಮ್ಮೆದುರು ಅಲ್ಲಿಯ ಹಿರಿಯ ಸದಸ್ಯೆ ಮತ್ತೆ ಕೇಳಿದರು.

“ಸಿಸ್ಟರ್ ಮನಿಯೊಳಗ ಇರ್ತಿಯೇನವ್ವ?”

ಮಾಳಮ್ಮ ಅವ್ವನನ್ನು ನೋಡಿದಳು. ತಪ್ಪು ಮಾಡಿದವರು ನೋಡುವ ಹಾಗಲ್ಲ, ನೇರವಾಗಿ.

“ಒಲ್ಲೆ ರಿ. ಮಾವನ ಮನಿಗಿ ಹೋಗ್ತೀನಿ.”

“ಯಾಕವ್ವ, ಸಿಸ್ಟರ್ ಮನಿಯೊಳಗ ಏನರೆ ತಕಲೀಫ್ ಅದ ಏನು?”

“ಇಲ್ರಿ. ಮಾವನ ಮನಿಯೊಳಗ ಕುರಿ ಅದಾವ. ಮತ್ತ ಮಾವನ ಮಾರಿ ನಮ್ಮವ್ವನ ಮಾರಿ ಹಾಂಗೇ ಅದ.”

ನಾನು ಹಣಮಂತನ ಮುಖ ನೋಡಿದೆ. ಇಡೀ ವರ್ಷ ಪ್ರತಿ ಶನಿವಾರ ನೋಡಿದ ಮುಖ, ಒಮ್ಮೆಯೂ ನನಗೆ ಅದು ಹೊಳೆದಿರಲಿಲ್ಲ. ಅವನು ಎತ್ತಿಕೊಂಡಿದ್ದ ಕೂಸಿನ ಹಿಂದೆ ಮುಖ ಮರೆಸಿಕೊಂಡ. ಆಯಿ ಸೆರಗಿನ ಚುಂಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಯಾರ ಬ್ಯಾಡವನ್ನೂ ನಂಬದ ಆಯಿ ಬಾಯಿಗೆ ಬಂದ ಎರಡನೆಯ ಕೇಳಿಕೆಯನ್ನು ಹಾಗೆ ತಡೆಯುತ್ತಿದ್ದಳು. ನೀವೇನಾದರೂ ಹೇಳುತ್ತೀರಾ ಎಂದು ಆ ಸದಸ್ಯೆ ಅವ್ವನನ್ನು ಕೇಳಿದರು.

“ಇಲ್ರಿ. ಅಕಿ ಹೇಳ್ಯಾಳ,” ಎಂದಳು ಅವ್ವ.

ಮನೆಗೆ ಬಂದ ಮೇಲೆ ಅವ್ವ ಹಿತ್ತಲಿನ ನಲ್ಲಿ ಬಿಟ್ಟು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ನಾನು ಹತ್ತಿರ ಹೋಗಿ ನಿಂತೆ. ನನಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ಅರ್ಥವಾಗದ ಸಂಕಟ.

“ಇನ್ನೊಮ್ಮೆ ಕೇಳಿದ್ರ ಹೂಂ ಅಂತಿದ್ಲು ಅವ್ವ.”

“ಅದಕ್ಕೇ ಕೇಳಲಿಲ್ಲ.”

ನೀರು ಸುರಿಯುತ್ತಲೇ ಇತ್ತು. ಅವಳ ಮುಖ ನನಗೆ ಕಾಣಲಿಲ್ಲ. ಇಂದಿಗೂ ಯಾರನ್ನಾದರೂ ಏನನ್ನಾದರೂ ಕೇಳಿದ ಮೇಲೆ ನಾನು ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ. ಗೆಳತಿಯರು ಅದನ್ನು ನನ್ನ ಗತ್ತು ಎನ್ನುತ್ತಾರೆ. ನನಗೆ ಕೇಳಿಸುವುದು ಆ ನಲ್ಲಿಯ ನೀರಿನ ಸದ್ದು.

ಮಾಳಮ್ಮ ಹೊರಡುವ ಹಿಂದಿನ ದಿನ ಆಯಿ ಬೆಳಿಗ್ಗೆಯೇ ಬೇಳೆ ಬೇಯಲು ಇಟ್ಟು ಹೋಳಿಗೆ ಮಾಡಿದಳು. ಹೊಲಿಸಿದ್ದ ಸಮವಸ್ತ್ರವನ್ನು ಒಯ್ಯುತ್ತೀಯಾ ಎಂದು ಅವ್ವ ಕೇಳಿದಳು, ಮಾಳಮ್ಮ ಮುಟ್ಟಿ ನೋಡಿ ಹೂಂ ರಿ ಎಂದಳು. ಅವ್ವ ಆ ಹೂಂ ಅನ್ನು ನಂಬಿ ಚೀಲದಲ್ಲಿಟ್ಟಳು. ಊಟಕ್ಕೆ ಎಲ್ಲರೂ ಎಂದಿನ ಜಾಗದಲ್ಲಿ ಕೂತೆವು, ನನ್ನ ಪಕ್ಕ ಅವಳು. ಆಯಿ ಹೋಳಿಗೆಯ ಬುಟ್ಟಿ ಸೊಂಟಕ್ಕೆ ಆನಿಸಿಕೊಂಡು ಬಂದಳು. ಮಾಳಮ್ಮನ ತಾಟಿನಲ್ಲಿ ಎರಡು ಆಗಿದ್ದವು. ಇನ್ನೊಂದು ಹಾಕಲೇ ಎಂದಳು. ಸಾಕ್ರಿ ಆಯಿ ಎಂದಳು ಮಾಳಮ್ಮ. ಆಯಿ ತುಟಿ ಬಿಗಿಹಿಡಿದು, ಬುಟ್ಟಿಯ ಮೇಲೆ ಅರಿವೆ ಮುಚ್ಚಿ, ಹಿಂದೆ ತಿರುಗಿದಳು. ಅಡಿಗೆಮನೆಯ ಬಾಗಿಲು ದಾಟಿರಲಿಲ್ಲ.

“ಆಯಿ,” ಎಂದಳು ಮಾಳಮ್ಮ. “ಅರ್ಧ ಹಾಕ್ರಿ.”

ಆಯಿ ತಿರುಗಿ ಬಂದು, ನೆಲಕ್ಕೆ ಕೂತು, ಒಂದು ಹೋಳಿಗೆಯನ್ನು ತೆಗೆದು ಸರಿಯಾಗಿ ಎರಡು ಮಾಡಿದಳು. ಅರ್ಧವನ್ನು ಅವಳ ತಾಟಿಗೆ ಇಟ್ಟಳು. ಉಳಿದ ಅರ್ಧವನ್ನು ಕೈಯಲ್ಲೇ ಹಿಡಿದುಕೊಂಡು, ಹಾಕುವ ಮನಸ್ಸನ್ನು ತಡೆದುಕೊಂಡು, ಅವಳು ತಿಂದು ಮುಗಿಸುವ ತನಕ ಅಲ್ಲಿಯೇ ಕೂತಿದ್ದಳು.